ನಾಯಿ ಪಾಯಸ, ಕೇಕ್, ಚಾಕೊಲೇಟ್ ತಿಂದುಬಿಟ್ಟರೆ ಏನು ಮಾಡಬೇಕು? ಉಪ್ಪು ನೀರು, ಹುಣಸೆ ನೀರು ಕುಡಿಸುವುದು ಸರಿಯೇ?

ಸಂಕ್ಷಿಪ್ತವಾಗಿ: ಒಣದ್ರಾಕ್ಷಿ, ಚಾಕೊಲೇಟ್, ಕೋಕೋ, ಕಾಫಿ ಪುಡಿ ಮತ್ತು ಕ್ಸೈಲಿಟಾಲ್ ಎಂಬ ಸಕ್ಕರೆ ಬದಲಿ ವಸ್ತು ನಾಯಿಗಳಿಗೆ ವಿಷವಾಗಬಲ್ಲವು. ಇವನ್ನು ತಿಂದ ನಾಯಿಗೆ ಮನೆಯಲ್ಲಿ ಉಪ್ಪು ನೀರು ಅಥವಾ ಹುಣಸೆ ನೀರು ಕುಡಿಸಿ ವಾಂತಿ ಮಾಡಿಸುವುದು ಅಪಾಯಕಾರಿ. ತಿಂದದ್ದೇನು, ಎಷ್ಟು, ಯಾವಾಗ ಮತ್ತು ನಾಯಿಯ ತೂಕ ಎಷ್ಟು ಎಂಬ ನಾಲ್ಕು ವಿವರ ಇಟ್ಟುಕೊಂಡು ತಕ್ಷಣ ಪಶುವೈದ್ಯರಿಗೆ ಕರೆ ಮಾಡುವುದೇ ಸರಿಯಾದ ಮೊದಲ ಹೆಜ್ಜೆ.

ಹಬ್ಬ, ಮದುವೆ, ಗೃಹಪ್ರವೇಶ, ಮಕ್ಕಳ ಹುಟ್ಟುಹಬ್ಬ ಬಂತೆಂದರೆ ಮನೆಯಲ್ಲಿ ಸಿಹಿ ಇದ್ದೇ ಇರುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ತೋಟದ ಮನೆಗಳಲ್ಲಿ ಕಾವಲಿಗೆ ನಾಯಿಯೂ ಇದ್ದೇ ಇರುತ್ತದೆ. ಪೇಟೆಯ ಮನೆಗಳಲ್ಲಿ ಪಮೇರಿಯನ್, ಲ್ಯಾಬ್ರಡಾರ್ ಸಾಕುವವರೂ ಹೆಚ್ಚಾಗಿದ್ದಾರೆ. ಎಲೆಯಲ್ಲಿ ಉಳಿದ ಪಾಯಸವನ್ನು ನಾವೇ ನಾಯಿಗೆ ಹಾಕುತ್ತೇವೆ, ಇಲ್ಲವೇ ಮೇಜಿನ ಮೇಲಿದ್ದ ಕೇಕನ್ನು ಅದೇ ಎಳೆದುಕೊಂಡು ತಿನ್ನುತ್ತದೆ. ಗಾಬರಿಯಾದ ಮನೆಯವರು ಮೊದಲು ನೋಡುವುದು ಮೊಬೈಲನ್ನು. ಅಲ್ಲಿ ಸಿಗುವ ಸಲಹೆಗಳಲ್ಲಿ ಕೆಲವು ಸರಿ, ಕೆಲವು ನಿರುಪಯೋಗಿ. ಇನ್ನು ಕೆಲವು, ನಾಯಿ ತಿಂದ ಸಿಹಿಗಿಂತಲೂ ಹೆಚ್ಚು ಹಾನಿ ಮಾಡುವಂಥವು. ಯಾವುದು ಯಾವುದೆಂದು ಇಲ್ಲಿ ವಿವರಿಸಿದ್ದೇವೆ.

ಈಗಲೇ ತಿಂದಿದೆ ಎಂದಾದರೆ ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬೇಕು?

1. ಉಳಿದದ್ದನ್ನು ನಾಯಿಯಿಂದ ದೂರ ಮಾಡಿ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಅದನ್ನು ಬೇರೆ ಕಟ್ಟಿ. ಯಾವುದು ಎಷ್ಟು ತಿಂದಿತು ಎಂಬ ಗೊಂದಲ ತಪ್ಪುತ್ತದೆ.

2. ಪ್ಯಾಕೆಟ್, ಡಬ್ಬಿ, ಹರಿದ ಕಾಗದ ಯಾವುದನ್ನೂ ಎಸೆಯಬೇಡಿ. ಹಿಂದೆ ಬರೆದಿರುವ ಪದಾರ್ಥಗಳ ಪಟ್ಟಿಯ ಫೋಟೊ ತೆಗೆದುಕೊಳ್ಳಿ.

3. ನಾಲ್ಕು ವಿವರ ಬರೆದುಕೊಳ್ಳಿ: ಏನು ತಿಂದಿತು, ಹೆಚ್ಚೆಂದರೆ ಎಷ್ಟು ತಿಂದಿರಬಹುದು, ಎಷ್ಟು ಗಂಟೆಗೆ ತಿಂದಿತು, ನಾಯಿಯ ತೂಕ ಎಷ್ಟು. ತೂಕ ಗೊತ್ತಿಲ್ಲದಿದ್ದರೆ ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ. ಅಡಿಕೆ, ಕೊಬ್ಬರಿ ತೂಗುವ ಯಂತ್ರ ಮನೆಯಲ್ಲಿದ್ದರೆ ಅದೂ ಆಗುತ್ತದೆ.

4. ಪಶುವೈದ್ಯರಿಗೆ ಕರೆ ಮಾಡಿ. ಲಕ್ಷಣ ಕಾಣಿಸಲಿ ಎಂದು ಕಾಯಬೇಡಿ.

ನಾಲ್ಕನೆಯ ಅಂಶ ಬಹಳ ಮುಖ್ಯ. ತಿಂದ ಒಂದೆರಡು ಗಂಟೆಯೊಳಗೆ ಹೋದರೆ ವೈದ್ಯರು ಚುಚ್ಚುಮದ್ದು ಕೊಟ್ಟು ವಾಂತಿ ಮಾಡಿಸಿ, ವಿಷ ರಕ್ತಕ್ಕೆ ಸೇರುವ ಮೊದಲೇ ಹೊರಗೆ ತೆಗೆಯಬಹುದು. ಲಕ್ಷಣ ಕಾಣಿಸಿತೆಂದರೆ ವಿಷ ಆಗಲೇ ರಕ್ತಕ್ಕೆ ಸೇರಿದೆ ಎಂದರ್ಥ. ಆಗ ಚಿಕಿತ್ಸೆ ಕಷ್ಟ, ಖರ್ಚೂ ಹೆಚ್ಚು.

ಒಣದ್ರಾಕ್ಷಿ: ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು

ನಾಯಿಗೆ ಚಾಕೊಲೇಟ್ ಕೊಡಬಾರದು ಎನ್ನುವುದು ಈಗ ಬಹಳ ಜನರಿಗೆ ಗೊತ್ತಿದೆ. ಪಾಯಸ, ಕೇಸರಿಬಾತ್, ಲಾಡುಗಳಲ್ಲಿ ಹಾಕುವ ಒಣದ್ರಾಕ್ಷಿಯ ವಿಷಯ ಅಷ್ಟಾಗಿ ಗೊತ್ತಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ಕೆಲವು ನಾಯಿಗಳ ಮೂತ್ರಪಿಂಡವನ್ನು ಕೆಡಿಸುತ್ತವೆ. ಅಮೆರಿಕದ ಪ್ರಾಣಿ ವಿಷ ನಿಯಂತ್ರಣ ಕೇಂದ್ರದ ತಜ್ಞರು ಇಂತಹ ಪ್ರಕರಣಗಳನ್ನು ಒಟ್ಟುಗೂಡಿಸಿ 2001ರಲ್ಲಿ ಪಶುವೈದ್ಯಕೀಯ ಪತ್ರಿಕೆಯಲ್ಲಿ ಎಚ್ಚರಿಕೆ ನೀಡಿದರು. ದ್ರಾಕ್ಷಿಯಲ್ಲಿರುವ ಯಾವ ಅಂಶ ಹಾನಿ ಮಾಡುತ್ತದೆ ಎಂಬುದಕ್ಕೆ ಮುಂದಿನ ಇಪ್ಪತ್ತು ವರ್ಷ ಸ್ಪಷ್ಟ ಉತ್ತರ ಇರಲಿಲ್ಲ. 2021ರಲ್ಲಿ ಅದೇ ಕೇಂದ್ರದ ತಜ್ಞರು ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕು ಎಂಬ ವಿವರಣೆ ಮುಂದಿಟ್ಟರು. ಬೇಕಿಂಗ್‌ಗೆ ಬಳಸುವ, ಇದೇ ಆಮ್ಲದ ಲವಣವಾದ ಕ್ರೀಮ್ ಆಫ್ ಟಾರ್ಟರ್ ತಿಂದ ನಾಯಿಯಲ್ಲೂ ಅಂತಹದೇ ಮೂತ್ರಪಿಂಡ ಹಾನಿ ಕಂಡದ್ದು ಅವರಿಗೆ ಸುಳಿವು ಕೊಟ್ಟಿತು.

ಒಣದ್ರಾಕ್ಷಿಯ ದೊಡ್ಡ ಸಮಸ್ಯೆ ಎಂದರೆ ಇಷ್ಟು ತಿಂದರೆ ತೊಂದರೆಯಿಲ್ಲ ಎಂಬ ಖಚಿತ ಗೆರೆ ಇಲ್ಲದಿರುವುದು. ನಾಯಿಯ ಪ್ರತಿ ಕಿಲೊ ತೂಕಕ್ಕೆ ಸುಮಾರು 3 ಗ್ರಾಂ ಒಣದ್ರಾಕ್ಷಿ ತಿಂದಾಗಲೇ ಹಾನಿಯಾದ ಪ್ರಕರಣಗಳು ದಾಖಲಾಗಿವೆ. 5 ಕಿಲೊ ತೂಕದ ಪಮೇರಿಯನ್‌ಗೆ ಲೆಕ್ಕ ಹಾಕಿದರೆ ಅದು 15 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ. ಇದಕ್ಕಿಂತ ಹೆಚ್ಚು ತಿಂದೂ ಏನೂ ಆಗದ ನಾಯಿಗಳೂ ಇವೆ. ತಳಿ, ವಯಸ್ಸು ನೋಡಿ ಯಾವ ನಾಯಿಗೆ ಆಗುತ್ತದೆಂದು ಮೊದಲೇ ಹೇಳಲಾಗದು. ತುಪ್ಪದಲ್ಲಿ ಹುರಿದರೂ ಕೇಕ್‌ನಲ್ಲಿ ಬೇಯಿಸಿದರೂ ಅಪಾಯ ಹೋಗುವುದಿಲ್ಲ.

ಇನ್ನೊಂದು ಮೋಸವೆಂದರೆ ಸಮಯ. ಮೊದಲ ದಿನ ವಾಂತಿ ಆಗಬಹುದು, ನಾಯಿ ಮಂಕಾಗಬಹುದು. ಬಳಿಕ ಚೇತರಿಸಿಕೊಂಡಂತೆಯೂ ಕಾಣಬಹುದು. ಮೂತ್ರಪಿಂಡದ ಹಾನಿ ಗೊತ್ತಾಗುವುದು ಸಾಮಾನ್ಯವಾಗಿ 1ರಿಂದ 3 ದಿನಗಳಲ್ಲಿ. ಊಟ ಬಿಡುವುದು, ವಿಪರೀತ ನೀರು ಕುಡಿಯುವುದು, ಕೊನೆಗೆ ಮೂತ್ರವೇ ನಿಂತುಹೋಗುವುದು ಇದರ ಲಕ್ಷಣಗಳು. ಮೂತ್ರ ನಿಂತ ಮೇಲೆ ನಾಯಿಯನ್ನು ಉಳಿಸುವುದು ಬಹಳ ಕಷ್ಟ. ಹಾಗಾಗಿ ದೊಡ್ಡ ನಾಯಿ ಪಾಯಸದಲ್ಲಿದ್ದ ನಾಲ್ಕೈದು ದ್ರಾಕ್ಷಿ ತಿಂದರೆ ಗಾಬರಿ ಬೀಳಬೇಕಿಲ್ಲವಾದರೂ, ವೈದ್ಯರಿಗೆ ಒಂದು ಕರೆ ಮಾಡುವುದು ಒಳ್ಳೆಯದು. ಸಣ್ಣ ನಾಯಿ ಹಿಡಿಯಷ್ಟು ತಿಂದರೆ ಆಸ್ಪತ್ರೆಗೆ ಹೋಗಲೇಬೇಕು.

ಚಾಕೊಲೇಟ್: ಪ್ರಮಾಣ ಮತ್ತು ಬಗೆ ಎರಡೂ ಮುಖ್ಯ

ಒಂದು ತುಂಡು ಚಾಕೊಲೇಟ್ ತಿಂದರೆ ನಾಯಿ ಸತ್ತೇಹೋಗುತ್ತದೆ ಎಂಬ ಸಂದೇಶ ಅರ್ಧಸತ್ಯ. ಕೋಕೋದಲ್ಲಿರುವ ಥಿಯೋಬ್ರೋಮಿನ್ ಮತ್ತು ಕೆಫೀನ್ ಹೃದಯ, ನರಮಂಡಲವನ್ನು ಕೆರಳಿಸುತ್ತವೆ. ಮನುಷ್ಯರ ದೇಹದಲ್ಲಿ ಥಿಯೋಬ್ರೋಮಿನ್ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 6ರಿಂದ 10 ಗಂಟೆ ಬೇಕು. ನಾಯಿಗೆ ಬೇಕಾಗುವುದು ಸುಮಾರು 17 ಗಂಟೆ. ಅದಕ್ಕೇ ನಮಗೆ ಏನೂ ಅನಿಸದ ಪ್ರಮಾಣ ನಾಯಿಯನ್ನು ಮಲಗಿಸಬಹುದು.

ಪ್ರತಿ ಕಿಲೊ ತೂಕಕ್ಕೆ ಸುಮಾರು 20 ಮಿಲಿಗ್ರಾಂ ಥಿಯೋಬ್ರೋಮಿನ್ ಸೇರಿದಾಗ ವಾಂತಿ, ಭೇದಿ, ಬಾಯಾರಿಕೆ, ಚಡಪಡಿಕೆ ಶುರುವಾಗುತ್ತವೆ. 40ರಿಂದ 50 ಮಿಲಿಗ್ರಾಂಗೆ ಹೃದಯದ ಬಡಿತ ತಪ್ಪುತ್ತದೆ. 60 ದಾಟಿದರೆ ನಡುಕ, ಫಿಟ್ಸ್ ಬರಬಹುದು. ಎಲ್ಲ ಚಾಕೊಲೇಟ್‌ನಲ್ಲೂ ಇದು ಒಂದೇ ಸಮ ಇರುವುದಿಲ್ಲ. ಒಂದು ಗ್ರಾಂನಲ್ಲಿ ಇರುವ ಅಂದಾಜು ಹೀಗಿದೆ:

- ಬಿಳಿ ಚಾಕೊಲೇಟ್: ಇಲ್ಲವೆನ್ನುವಷ್ಟು ಕಡಿಮೆ
- ಹಾಲಿನ ಚಾಕೊಲೇಟ್: 2 ಮಿಲಿಗ್ರಾಂ
- ಕಡು ಬಣ್ಣದ ಡಾರ್ಕ್ ಚಾಕೊಲೇಟ್: 5 ಮಿಲಿಗ್ರಾಂ
- ಸಕ್ಕರೆ ಬೆರೆಸದ ಕೋಕೋ ಪುಡಿ: 26 ಮಿಲಿಗ್ರಾಂ

ಈಗ 5 ಕಿಲೊ ತೂಕದ ನಾಯಿಯನ್ನು ತೆಗೆದುಕೊಳ್ಳಿ. ಅದಕ್ಕೆ ಲಕ್ಷಣ ಶುರುವಾಗಲು 100 ಮಿಲಿಗ್ರಾಂ ಸಾಕು. ಅಂದರೆ ಹಾಲಿನ ಚಾಕೊಲೇಟ್ ಆದರೆ 50 ಗ್ರಾಂ, ಡಾರ್ಕ್ ಆದರೆ 20 ಗ್ರಾಂ, ಕೋಕೋ ಪುಡಿಯಾದರೆ ಬರೀ 4 ಗ್ರಾಂ, ಎರಡು ಟೀ ಚಮಚ. 30 ಕಿಲೊ ತೂಕದ ಲ್ಯಾಬ್ರಡಾರ್ ಆದರೆ ಈ ಪ್ರಮಾಣ ಆರು ಪಟ್ಟು. ಆದ್ದರಿಂದಲೇ ವೈದ್ಯರು ಫೋನಿನಲ್ಲಿ ಮೊದಲು ನಾಯಿಯ ತೂಕ ಕೇಳುತ್ತಾರೆ. ಈ ಅಂಕಿಗಳು ಅಂದಾಜು ಮಾತ್ರ. ಹೃದಯದ ಕಾಯಿಲೆ ಇರುವ ಅಥವಾ ವಯಸ್ಸಾದ ನಾಯಿಗೆ ಕಡಿಮೆ ಪ್ರಮಾಣವೂ ತೊಂದರೆ ಕೊಡಬಹುದು.

ಲಕ್ಷಣಗಳು ತಿಂದ 2ರಿಂದ 12 ಗಂಟೆಯೊಳಗೆ ಕಾಣಿಸಿಕೊಂಡು ಮೂರು ದಿನದವರೆಗೂ ಇರಬಹುದು. ಥಿಯೋಬ್ರೋಮಿನ್‌ಗೆ ಪ್ರತಿವಿಷವಿಲ್ಲ. ವಾಂತಿ ಮಾಡಿಸಿ, ಹೀರಿಕೊಳ್ಳುವ ಔಷಧಿ ಇದ್ದಿಲು ಕೊಟ್ಟು, ಡ್ರಿಪ್ ಹಾಕಿ, ಹೃದಯ ಮತ್ತು ನಡುಕವನ್ನು ಹತೋಟಿಯಲ್ಲಿಡುವುದೇ ಚಿಕಿತ್ಸೆ. ಕಾಫಿ ನಾಡಿನಲ್ಲಿ ಇರುವ ನಾವು ಇನ್ನೊಂದನ್ನೂ ನೆನಪಿಡಬೇಕು. ಕಾಫಿ ಪುಡಿ, ಫಿಲ್ಟರಿನ ಗಸಿ, ಕಾಫಿ ಹಾಕಿದ ಕೇಕ್ ಇವುಗಳಲ್ಲಿರುವ ಕೆಫೀನ್ ಕೂಡ ಇದೇ ಗುಂಪಿನ ವಸ್ತು. ತಿಪ್ಪೆಗೆ ಎಸೆದ ಗಸಿಯನ್ನು ನಾಯಿ ಕೆದಕಿ ತಿನ್ನದಂತೆ ನೋಡಿಕೊಳ್ಳಿ.

ಸಕ್ಕರೆ ಇಲ್ಲದ ಸಿಹಿ ನಾಯಿಗೆ ಒಳ್ಳೆಯದೇ?

ಅಲ್ಲ. ಸಕ್ಕರೆರಹಿತ ಎಂದು ಮಾರುವ ಕೆಲವು ಚ್ಯೂಯಿಂಗ್ ಗಮ್, ಪೆಪ್ಪರ್‌ಮಿಂಟ್, ಬಿಸ್ಕತ್ತು, ಟೂತ್‌ಪೇಸ್ಟ್‌ಗಳಲ್ಲಿ ಕ್ಸೈಲಿಟಾಲ್ ಇರುತ್ತದೆ. ಮನುಷ್ಯರಿಗೆ ತೊಂದರೆಯಿಲ್ಲದ ಈ ವಸ್ತು ನಾಯಿಯ ದೇಹದಲ್ಲಿ ಇನ್ಸುಲಿನ್ ಒಮ್ಮೆಲೇ ಉಕ್ಕುವಂತೆ ಮಾಡುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಬಹುದು, ಕುಸಿದು ಬೀಳಬಹುದು, ಫಿಟ್ಸ್ ಬರಬಹುದು. ಪ್ರತಿ ಕಿಲೊ ತೂಕಕ್ಕೆ 0.1 ಗ್ರಾಂ ಸಾಕು. 0.5 ಗ್ರಾಂ ದಾಟಿದರೆ ಯಕೃತ್ತೂ ಹಾಳಾಗಬಹುದು. ಸಣ್ಣ ನಾಯಿಗೆ ಒಂದೆರಡು ಗಮ್ ತುಂಡೇ ಹೆಚ್ಚು.

ಎಲ್ಲ ಸಕ್ಕರೆರಹಿತ ತಿನಿಸುಗಳಲ್ಲೂ ಇದು ಇರುವುದಿಲ್ಲ. ಬೇರೆ ಬದಲಿಗಳನ್ನು ಬಳಸುವ ಕಂಪನಿಗಳೂ ಇವೆ. ಪ್ಯಾಕೆಟ್ ಹಿಂದೆ ಕ್ಸೈಲಿಟಾಲ್ ಎಂಬ ಹೆಸರು ಅಥವಾ 967 ಎಂಬ ಸಂಖ್ಯೆ ಇದೆಯೇ ನೋಡಿ. ಇದ್ದರೆ ಒಂದು ನಿಮಿಷವೂ ತಡ ಮಾಡಬೇಡಿ.

ಹೋಳಿಗೆ, ಮೈಸೂರುಪಾಕ್, ಸಿಹಿ ಅಡಿಕೆ

ಬೆಲ್ಲ, ಕಡಲೆಬೇಳೆ, ತೆಂಗಿನಕಾಯಿ ನಾಯಿಗೆ ವಿಷವಲ್ಲ. ತುಪ್ಪ ಸುರಿಸುವ ಸಿಹಿಯನ್ನು ಒಮ್ಮೆಲೇ ಹೆಚ್ಚು ತಿಂದರೆ ಮೇದೋಜೀರಕ ಗ್ರಂಥಿ ಉರಿಯೂತವಾಗುವ ಸಾಧ್ಯತೆ ಇದೆ. ಪದೇ ಪದೇ ವಾಂತಿ, ಹೊಟ್ಟೆ ನೋವಿನಿಂದ ಬೆನ್ನು ಬಾಗಿಸಿ ನಿಲ್ಲುವುದು, ಊಟ ಬಿಡುವುದು ಇದರ ಸೂಚನೆ. ಇದು ಮಾರನೆಯ ದಿನವೋ ಅದರಾಚೆಯೋ ಕಾಣಿಸಿಕೊಳ್ಳಬಹುದು.

ತರೀಕೆರೆಯ ಕಡೆ ಊಟದ ನಂತರ ಎಲೆ ಅಡಿಕೆ ತಟ್ಟೆ ಬರದ ಸಮಾರಂಭವಿಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ನಾಯಿಗೆ ಜೊಲ್ಲು, ವಾಂತಿ, ಭೇದಿ ತರಿಸುತ್ತದೆ. ಲಾಡಿಹುಳು ಹೊರಹಾಕಲು ಹಿಂದೆ ಪಶುವೈದ್ಯರು ನಾಯಿಗಳಿಗೆ ಇದನ್ನೇ ಔಷಧಿಯಾಗಿ ಕೊಡುತ್ತಿದ್ದರು. ಸುರಕ್ಷಿತ ಔಷಧಿಗಳು ಬಂದ ಮೇಲೆ ಅದನ್ನು ಕೈಬಿಟ್ಟರು. ಹುಳುವಿಗೆ ಒಳ್ಳೆಯದೆಂದು ನಾಯಿಗೆ ಅಡಿಕೆ ತಿನ್ನಿಸುವುದು ಬೇಡ.

ಫಾರ್ವರ್ಡ್ ಸಲಹೆಗಳು: ಯಾವುದು ನಿಜ, ಯಾವುದು ಸುಳ್ಳು?

*ಉಪ್ಪು ನೀರು ಕುಡಿಸಿದರೆ ವಾಂತಿಯಾಗಿ ವಿಷ ಹೋಗುತ್ತದೆ.* ಅಪಾಯಕಾರಿ. ವಾಂತಿಯಾಗದೆ ಉಪ್ಪು ಒಳಗೇ ಉಳಿದರೆ ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೆ ಪೆಟ್ಟಾಗುತ್ತದೆ. ಉಪ್ಪಿನ ವಿಷದಿಂದಲೇ ನಾಯಿಗಳು ಸತ್ತದ್ದಿದೆ.

*ಹುಣಸೆ ನೀರು ಕುಡಿಸಿದರೆ ವಿಷ ಇಳಿಯುತ್ತದೆ.* ಇದನ್ನು ವಿಶೇಷವಾಗಿ ಗಮನಿಸಿ. ಟಾರ್ಟಾರಿಕ್ ಆಮ್ಲ ಅತಿ ಹೆಚ್ಚಿರುವ ಹಣ್ಣುಗಳಲ್ಲಿ ಹುಣಸೆ ಒಂದು. ಹುಣಸೆ ತಿಂದ ನಾಯಿಗಳಲ್ಲಿ ದ್ರಾಕ್ಷಿ ತಿಂದಾಗಿನಂತೆಯೇ ಮೂತ್ರಪಿಂಡ ಹಾನಿಯಾದ ಪ್ರಕರಣಗಳು 2022ರಲ್ಲಿ ಪಶುವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದವು. ಒಣದ್ರಾಕ್ಷಿ ತಿಂದ ನಾಯಿಗೆ ಹುಣಸೆ ನೀರು ಕುಡಿಸುವುದೆಂದರೆ ಅದೇ ಅಂಶವನ್ನು ಮತ್ತಷ್ಟು ಸೇರಿಸಿದಂತೆ. ಸಾರು ಕಲಸಿದ ಒಂದು ತುತ್ತು ಅನ್ನ ತಿಂದರೆ ಹೆದರಬೇಕಿಲ್ಲ. ಗಟ್ಟಿ ಹುಣಸೆ ರಸ, ಹುಣಸೆ ಹಣ್ಣಿನ ಉಂಡೆ, ಹುಣಸೆ ಕ್ಯಾಂಡಿಗಳನ್ನು ಮಾತ್ರ ನಾಯಿಯ ಹತ್ತಿರ ಬಿಡಬೇಡಿ.

*ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ.* ಹೊರದೇಶದ ವಿಡಿಯೊಗಳಲ್ಲಿ ಇದು ಬರುತ್ತದೆ. ಅಲ್ಲಿ ವೈದ್ಯರು ಫೋನಿನಲ್ಲಿ ಅಳತೆ ಹೇಳಿದರೆ ಮಾತ್ರ ಕೊಡುವುದು ಶೇಕಡಾ 3ರ ದ್ರಾವಣ. ನಮ್ಮ ಔಷಧಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇಕಡಾ 6ರದ್ದು, ಎರಡರಷ್ಟು ತೀಕ್ಷ್ಣ. ಸರಿಯಾದ ದ್ರಾವಣವೂ ಹೊಟ್ಟೆಯ ಒಳಪದರವನ್ನು ಸುಡಬಲ್ಲದು. ವಿಡಿಯೊ ನೋಡಿ ಪ್ರಯೋಗ ಮಾಡಬೇಡಿ.

*ಹಾಲು, ಮಜ್ಜಿಗೆ, ಎಳನೀರು, ಹಸಿ ಮೊಟ್ಟೆ ವಿಷವನ್ನು ಕೊಲ್ಲುತ್ತವೆ.* ಸುಳ್ಳು. ಇವು ಯಾವುದೂ ಥಿಯೋಬ್ರೋಮಿನ್, ಟಾರ್ಟಾರಿಕ್ ಆಮ್ಲ, ಕ್ಸೈಲಿಟಾಲ್‌ಗಳನ್ನು ನಿಷ್ಕ್ರಿಯ ಮಾಡುವುದಿಲ್ಲ. ಮಂಕಾದ ಅಥವಾ ನಡುಗುತ್ತಿರುವ ನಾಯಿಯ ಬಾಯಿಗೆ ಬಲವಂತವಾಗಿ ಏನೇ ಹುಯ್ದರೂ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

*ಒಲೆಯ ಇದ್ದಿಲು ಪುಡಿ ಮಾಡಿ ತಿನ್ನಿಸಿ.* ವೈದ್ಯರು ಕೊಡುವ ಇದ್ದಿಲು ವಿಶೇಷವಾಗಿ ಸಂಸ್ಕರಿಸಿದ್ದು. ಒಲೆಯ ಇದ್ದಿಲಿಗೆ ಆ ಹೀರುವ ಗುಣವಿಲ್ಲ. ಕ್ಸೈಲಿಟಾಲ್‌ಗಂತೂ ಔಷಧಿ ಇದ್ದಿಲೂ ಅಷ್ಟಾಗಿ ಉಪಯೋಗಕ್ಕೆ ಬಾರದು.

*ಸಿಹಿ ತಿಂದರೆ ನಾಯಿಗೆ ಹೊಟ್ಟೆಯಲ್ಲಿ ಹುಳುವಾಗುತ್ತದೆ, ತುಪ್ಪ ತಿಂದರೆ ಕೂದಲು ಉದುರುತ್ತದೆ.* ಹುಳುವಾಗುವುದು ಹುಳುವಿನ ಮೊಟ್ಟೆ ಹೊಟ್ಟೆಗೆ ಸೇರುವುದರಿಂದ. ಮರಿಗಳಿಗೆ ತಾಯಿಯ ಗರ್ಭದಲ್ಲಿ, ಹಾಲಿನ ಮೂಲಕವೂ ಬರುತ್ತದೆ. ಸಕ್ಕರೆಯಿಂದ ಹುಳು ಹುಟ್ಟುವುದಿಲ್ಲ. ಕೂದಲು ಉದುರಿದರೆ ಕಜ್ಜಿ, ಉಣ್ಣೆ, ಅಲರ್ಜಿ ಇದೆಯೇ ಎಂದು ಪರೀಕ್ಷಿಸಬೇಕು.

*ನಮ್ಮ ನಾಯಿ ಎಷ್ಟೋ ಸಲ ತಿಂದಿದೆ, ಏನೂ ಆಗಿಲ್ಲ.* ಹಿಂದೆ ತಿಂದದ್ದು ಕಡಿಮೆ ಇರಬಹುದು, ಬಗೆ ಬೇರೆ ಇರಬಹುದು. ಹಿಂದೆ ಆಗಿಲ್ಲ ಎನ್ನುವುದು ಈ ಸಲಕ್ಕೆ ರಕ್ಷಣೆಯಲ್ಲ.

*ಹೊಟ್ಟೆ ನೋವಿಗೆ ನಮ್ಮದೇ ಮಾತ್ರೆ ಅರ್ಧ ಕೊಡಿ.* ಬೇಡವೇ ಬೇಡ. ಪ್ಯಾರಸಿಟಮಾಲ್, ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂತಹ ಮಾತ್ರೆಗಳು ನಾಯಿಗೆ ಪ್ರತ್ಯೇಕ ವಿಷವಾಗಬಲ್ಲವು.

ಕಡೂರು, ತರೀಕೆರೆ, ಅಜ್ಜಂಪುರದವರು ಎಲ್ಲಿಗೆ ಹೋಗಬೇಕು?

ಬೆಂಗಳೂರಿನಂತೆ ರಾತ್ರಿಯಿಡೀ ತೆರೆದಿರುವ ಖಾಸಗಿ ಆಸ್ಪತ್ರೆ ಇಲ್ಲಿ ಮನೆ ಪಕ್ಕದಲ್ಲಿ ಸಿಗುವುದಿಲ್ಲ. ಅಪಾಯ ಬರುವ ಮೊದಲೇ ದಾರಿ ತಿಳಿದಿರಬೇಕಾದದ್ದು ಅದಕ್ಕೇ. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಪಶುಪಾಲನಾ ಇಲಾಖೆಯ ಪಶು ಆಸ್ಪತ್ರೆಗಳಿವೆ. ಅಲ್ಲಿ ದನ, ಎಮ್ಮೆ, ಕುರಿಗೆ ಮಾತ್ರ ಚಿಕಿತ್ಸೆ ಎಂದು ಕೆಲವರು ತಿಳಿದಿದ್ದಾರೆ. ನಾಯಿಯನ್ನೂ ನೋಡುತ್ತಾರೆ. ಪ್ರಾಣಿಗಳ ತುರ್ತು ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು. ಸಂಚಾರಿ ಪಶು ಚಿಕಿತ್ಸಾ ವಾಹನಗಳು ಈ ಸಂಖ್ಯೆಯಡಿ ಕೆಲಸ ಮಾಡುತ್ತವೆ.

ರಕ್ತ ಪರೀಕ್ಷೆ, ದಿನಗಟ್ಟಲೆ ಡ್ರಿಪ್ ಬೇಕಾದಾಗ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರದ ದೊಡ್ಡ ಆಸರೆ. ಬೀದರ್‌ನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಅದು. ತರೀಕೆರೆಯಿಂದ ಸುಮಾರು ಒಂದು ಗಂಟೆಯ ದಾರಿ. ಕಡೂರು, ಅಜ್ಜಂಪುರದಿಂದ ಒಂದೂವರೆ ಗಂಟೆಯ ಆಸುಪಾಸು. ಹೊರಡುವ ಮೊದಲು ಸ್ಥಳೀಯ ವೈದ್ಯರಿಗೆ ಕರೆ ಮಾಡಿ. ವಾಂತಿ ಮಾಡಿಸುವ ಅವಧಿ ದಾರಿಯಲ್ಲೇ ಕಳೆದುಹೋಗುವುದಾದರೆ, ಊರಲ್ಲೇ ಅದನ್ನು ಮುಗಿಸಿ ಮುಂದೆ ಕಳುಹಿಸುವುದು ಜಾಣತನ. ಇದನ್ನು ತೀರ್ಮಾನಿಸಬೇಕಾದವರು ವೈದ್ಯರು.

ಹೀಗಾಗಿ ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ತಾಲ್ಲೂಕಿನ ಪಶುವೈದ್ಯರ ದೂರವಾಣಿ ಸಂಖ್ಯೆ, ಸಂಜೆ ಮತ್ತು ಭಾನುವಾರ ಸಿಗುವ ವೈದ್ಯರ ಸಂಖ್ಯೆ ಕೇಳಿ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ನಾಯಿಯ ತೂಕವನ್ನೂ ಅದರ ಪಕ್ಕದಲ್ಲೇ ಬರೆದಿಡಿ.

ಮನೆಗೆ ಬಂದ ಮೇಲೆ ಎಷ್ಟು ದಿನ ಗಮನಿಸಬೇಕು?

ಚಾಕೊಲೇಟ್, ಒಣದ್ರಾಕ್ಷಿ, ಕ್ಸೈಲಿಟಾಲ್ ಯಾವುದೇ ಆದರೂ ಮೂರು ದಿನ ಕಣ್ಣಿಟ್ಟಿರಿ. ಎಷ್ಟು ನೀರು ಕುಡಿಯಿತು, ಎಷ್ಟು ಸಲ ಮೂತ್ರ ಮಾಡಿತು, ಊಟ ಮಾಡಿತೇ ಎಂದು ಗಮನಿಸಿ. ತೋಟದಲ್ಲಿ ಓಡಾಡುವ ನಾಯಿಯನ್ನು ಈ ದಿನಗಳಲ್ಲಿ ಕಟ್ಟಿಹಾಕಿ. ಇಲ್ಲದಿದ್ದರೆ ಮೂತ್ರ ನಿಂತದ್ದು ಯಾರಿಗೂ ಗೊತ್ತಾಗುವುದಿಲ್ಲ. ಒಣದ್ರಾಕ್ಷಿ ಹೆಚ್ಚು ತಿಂದಿದ್ದರೆ ನಾಯಿ ಚೆನ್ನಾಗಿ ಕಂಡರೂ ವೈದ್ಯರು ಹೇಳಿದ ದಿನ ರಕ್ತ ಪರೀಕ್ಷೆ ತಪ್ಪಿಸಬೇಡಿ.

ಹಾಗಾದರೆ ನಾಯಿಗೆ ಏನನ್ನೂ ಹಾಕಬಾರದೇ?

ಹಾಗಲ್ಲ. ಬೀರೂರಿನ ಮೈಲಾರಲಿಂಗಸ್ವಾಮಿಯ ಸೀಮೆ ಇದು. ಗೊರವರು ತಮ್ಮನ್ನು ಮೈಲಾರನ ನಾಯಿಗಳೆಂದೇ ಭಾವಿಸಿಕೊಳ್ಳುವ ಪರಂಪರೆ ಇಲ್ಲಿದೆ. ನಾಯಿಗೆ ಒಂದು ತುತ್ತು ಹಾಕುವುದು ಇಲ್ಲಿನವರಿಗೆ ಹೊಸದೇನಲ್ಲ, ಅದನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಮದುವೆ ಮನೆಯ ಎಂಜಲೆಲೆಯನ್ನು ಹಾಗೇ ಬೀದಿಗೆ ಸುರಿಯುವ ಬದಲು ಅನ್ನ, ಮುದ್ದೆ, ಚಪಾತಿ, ಸಪ್ಪೆ ಬೇಳೆಯನ್ನು ಬೇರೆ ಮಾಡಿ ಹಾಕಿ. ದ್ರಾಕ್ಷಿ ಹಾಕಿದ ಪಾಯಸ, ಕೇಕ್, ಅಡಿಕೆ ತಟ್ಟೆಯ ಕಸವನ್ನು ಮುಚ್ಚಿದ ಡಬ್ಬಿಗೆ ಹಾಕಿ. ಬೀದಿ ನಾಯಿಗೆ ತೊಂದರೆಯಾದರೆ ಅದರ ತೂಕ ನೋಡಿ ಕರೆ ಮಾಡುವವರು ಯಾರೂ ಇರುವುದಿಲ್ಲ ಎಂಬುದು ನೆನಪಿರಲಿ. ಮಕ್ಕಳಿಗೂ ಒಂದು ಮಾತು ಹೇಳಿಕೊಡಿ: ನಾಯಿಗೆ ಚಾಕೊಲೇಟ್ ಕೊಟ್ಟಿದ್ದರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ, ತಕ್ಷಣ ಹೇಳಿ. ಅವರು ಮುಚ್ಚಿಟ್ಟ ಎರಡು ಗಂಟೆಯಲ್ಲೇ ಚಿಕಿತ್ಸೆಯ ಅವಕಾಶ ಕೈತಪ್ಪಬಹುದು.

ಒಟ್ಟಿನಲ್ಲಿ

ನಾಯಿ ಸಿಹಿ ತಿಂದ ಪ್ರತಿ ಸಲವೂ ಅಪಾಯವಿಲ್ಲ. ಅಪಾಯ ಇದೆಯೇ ಇಲ್ಲವೇ ಎಂದು ತೀರ್ಮಾನಿಸಲು ಬೇಕಾದದ್ದು ನಾಲ್ಕು ವಿವರ ಮತ್ತು ಒಬ್ಬ ಪಶುವೈದ್ಯರು. ಉಪ್ಪು ನೀರು, ಹುಣಸೆ ನೀರಿನ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳುಹಿಸಬೇಡಿ. ಬದಲಿಗೆ ನಿಮ್ಮೂರಿನ ಪಶುವೈದ್ಯರ ಸಂಖ್ಯೆಯನ್ನು ಹಾಕಿ. ಹಂಚಿಕೊಳ್ಳಲು ಯೋಗ್ಯವಾದ ಫಾರ್ವರ್ಡ್ ಅದು.